ಆಮ್ನಾಳ ಅಮ್ಮನಿಗೆ ತೋರಿಸಿದ ಎರಡನೇ ಮರ

ಮೂವತ್ತೊಂದು ವರ್ಷದಿಂದ ಹುಣಸೆಹಣ್ಣಿನ ಮಂಡಿ ಇಟ್ಟುಕೊಂಡಿದ್ದೇನೆ. ಹಿಂದಿನಿಂದ ನನ್ನನ್ನು ಮೋಸಗಾರ ಅಂದವರು ಎಷ್ಟು ಜನವೋ ಗೊತ್ತಿಲ್ಲ. ಎದುರಿಗೇ ಅಂದು, ಅದನ್ನು ಸಾಬೀತು ಮಾಡಿ, ಆಮೇಲೂ ನನ್ನ ಹತ್ತಿರವೇ ವ್ಯವಹಾರ ಇಟ್ಟುಕೊಂಡವರು ಇಬ್ಬರೇ. ಇಬ್ಬರೂ ಹೆಂಗಸರು, ಇಬ್ಬರೂ ಸುಡಾನ್ ದೇಶದವರು, ತಾಯಿ ಮತ್ತು ಮಗಳು.

ಮಗಳ ಹೆಸರು ಆಮ್ನಾ. ಗಂಡ ಇದ್ರಿಸ್ ಔಷಧಿಶಾಸ್ತ್ರ ಓದಲು ತುಮಕೂರಿಗೆ ಬಂದವನು. ಓದು ಮುಗಿಯುವ ಹೊತ್ತಿಗೆ ಸಂಶೋಧನೆ ಅಂತ ಇನ್ನೊಂದು ಶುರುವಾಯಿತು. ಅದು ಮುಗಿಯುವ ಹೊತ್ತಿಗೆ ಅವರ ದೇಶದಲ್ಲಿ ಯುದ್ಧ ಶುರುವಾಯಿತು. ಹೀಗೆ ಮೂರು ವರ್ಷಕ್ಕೆ ಅಂತ ಬಂದ ಸಂಸಾರ ಮರಳೂರಿನ ಕಲ್ಲಮ್ಮನವರ ಮಹಡಿ ಮನೆಯಲ್ಲಿ ಹನ್ನೊಂದು ವರ್ಷದಿಂದ ಇದೆ. ಕಲ್ಲಮ್ಮನವರು ಹಣೆಗೆ ಮೂರು ಬೆರಳು ವಿಭೂತಿ ಹಚ್ಚದೆ ಕಾಫಿ ಕುಡಿಯುವವರಲ್ಲ. ಮನೆ ಕೊಡುವಾಗ "ಮಾಂಸ ಬೇಯಿಸಂಗಿಲ್ಲ" ಎಂದು ಒಂದೇ ಷರತ್ತು ಹಾಕಿದ್ದರು. ಆಮ್ನಾ ಒಪ್ಪಿದಳು. ಅವಳು ಮೈಗೆ ಸುತ್ತಿಕೊಳ್ಳುವ ನಾಲ್ಕೂವರೆ ಮೀಟರ್ ಬಟ್ಟೆಯನ್ನು ನೋಡಿ ಕಲ್ಲಮ್ಮನವರು ಬೀದಿಗೆಲ್ಲ ಸಾರಿದ್ದು ಇಷ್ಟು: "ಸೀರೇನೇ ಕಣ್ರೇ, ಪಾಪ, ನೆರಿಗೆ ಹಿಡಿಯೋದು ಯಾರೂ ಹೇಳ್ಕೊಟ್ಟಿಲ್ಲ."

ಅವಳು ಮೊದಲ ಸಲ ಅಂತರಸನಹಳ್ಳಿಯ ನನ್ನ ಮಂಡಿಗೆ ಬಂದದ್ದು ಯುದ್ಧಕ್ಕೆ ಐದು ವರ್ಷ ಮುಂಚೆ. ಎರಡು ಕೆಜಿ ಹಣ್ಣು ಬೇಕು ಅಂದಳು. ಚಿಲ್ಲರೆ ಕೊಡಲ್ಲಮ್ಮ ಅಂದೆ. ಅವಳು ಅದನ್ನು ಕೇಳಿಸಿಕೊಳ್ಳದೆ ಬಾಗಿಲಿನ ಬಳಿಯ ಚೀಲದೊಳಕ್ಕೆ ಮೊಣಕೈವರೆಗೆ ಕೈ ಇಳಿಸಿದಳು. ಅಡಿಯಿಂದ ಒಂದು ಹಿಡಿ ತೆಗೆದು, ಹರಿದು, ಮೂಸಿ, ನಾಲಿಗೆಯ ತುದಿಗೆ ಇಟ್ಟುಕೊಂಡು ಕಣ್ಣು ಮುಚ್ಚಿದಳು.

"ಅಣ್ಣ, ಇದಕ್ಕೆ ಎರಡು ವರ್ಷ ವಯಸ್ಸಾಗಿದೆ. ಮೇಲಿರೋದು ಇದರ ಮಗಳು."

"ಹಂಗೇನಿಲ್ಲ. ಅಡಿಯಲ್ಲಿ ಬಿದ್ದು ಸ್ವಲ್ಪ ಕಪ್ಪಾಗಿದೆ ಅಷ್ಟೇ."

"ಅಡಿಯಲ್ಲಿ ಬಿದ್ದಿದ್ದಕ್ಕೆ ಉಪ್ಪೂ ಹಾಕಿದೀರಾ, ನೋವಾಗಿರುತ್ತೆ ಅಂತ?"

ಹಮಾಲಿ ಯಲ್ಲಯ್ಯ ಮೂಟೆ ಹೊತ್ತವನು ಹಾಗೇ ನಿಂತು ನಕ್ಕುಬಿಟ್ಟ. ಹಳೆಯ ಹಣ್ಣು ಕೆಡದಿರಲೆಂದು ಉಪ್ಪು ಬೆರೆಸಿ, ಮೇಲೆ ಹೊಸ ಹಣ್ಣು ಹಾಕಿ ಇಡುವುದು ನಮ್ಮಲ್ಲಿ ನಾನೊಬ್ಬನೇ ಮಾಡುವ ಕೆಲಸವಲ್ಲ. ಆದರೆ ಅದನ್ನು ನಾಲಿಗೆಯಲ್ಲಿ ಹಿಡಿದವಳು ಇವಳೊಬ್ಬಳೇ. ಕೇಳಿದರೆ, ಅವಳ ಊರು ಓಂದುರ್ಮಾನ್‌ನಲ್ಲಿ ಅವಳ ಅಮ್ಮನದೂ ಇದೇ ವ್ಯಾಪಾರವಂತೆ. ಅಲ್ಲಿ ಹುಣಸೆಯನ್ನು ಸಾರಿಗೆ ಹಾಕುವುದಿಲ್ಲ, ನೆನೆಸಿ ಸೋಸಿ ಸಕ್ಕರೆ ಹಾಕಿ ಕುಡಿಯುತ್ತಾರೆ. ಉಪವಾಸದ ತಿಂಗಳಲ್ಲಿ ಸಂಜೆ ಅದಿಲ್ಲದೆ ಯಾರ ಗಂಟಲಿಗೂ ಊಟ ಇಳಿಯುವುದಿಲ್ಲ. ಕುಡಿಯುವ ಹಣ್ಣಿನಲ್ಲಿ ಉಪ್ಪು ಅಡಗಿಕೊಳ್ಳುವುದಿಲ್ಲ.

ಇಂಥವಳನ್ನು ಎದುರು ಮಂಡಿಗೆ ಬಿಟ್ಟುಕೊಡುವುದು ಬುದ್ಧಿವಂತಿಕೆಯಲ್ಲ. ಸೀಸನ್ನಿನಲ್ಲಿ ರೈತರ ಮೂಟೆ ಬಂದಾಗ ಆಮ್ನಾ ಒಂದು ಸುತ್ತು ಬಂದು ಹೋಗುತ್ತಾಳೆ ಎಂದಾಯಿತು. ಕೆಲಸ ಅಂತ ಅಲ್ಲ. ಅಣ್ಣನ ಅಂಗಡಿಗೆ ತಂಗಿ ಬಂದ ಹಾಗೆ. ಹೋಗುವಾಗ ತನಗೆ ಇಷ್ಟವಾದ ಹಣ್ಣನ್ನು ಚೀಲಕ್ಕೆ ಹಾಕಿಕೊಂಡು ಹೋಗುತ್ತಿದ್ದಳು. ಅವಳಿಗೆ ಇಷ್ಟವಾಗುತ್ತಿದ್ದುದು ಯಾವಾಗಲೂ ನಾನು ಮದರಾಸಿನ ಪಾರ್ಟಿಗೆ ಅಂತ ಎತ್ತಿಟ್ಟದ್ದೇ.

ಯುದ್ಧ ಶುರುವಾದದ್ದು ಏಪ್ರಿಲ್ ತಿಂಗಳ ಒಂದು ಶನಿವಾರ. ನಮಗೆ ಗೊತ್ತಾದದ್ದು ಸೋಮವಾರ, ಅದೂ ಅವಳು ಮಂಡಿಗೆ ಬಂದು ಹಣ್ಣು ಮುಟ್ಟದೆ ಕುಳಿತದ್ದರಿಂದ. ಅವರ ಸೈನ್ಯದ ಎರಡು ಗುಂಪುಗಳೇ ರಾಜಧಾನಿಯಲ್ಲೂ ಅದರ ಪಕ್ಕದ ಓಂದುರ್ಮಾನ್‌ನಲ್ಲೂ ಬಡಿದಾಡಿಕೊಳ್ಳುತ್ತಿದ್ದವು. ಇದ್ರಿಸನ ಅಣ್ಣತಮ್ಮಂದಿರು ಈಜಿಪ್ಟಿಗೆ ಓಡಿದರು. ಆಮ್ನಾಳ ಅಮ್ಮ ಮಾತ್ರ ಕದಲಲಿಲ್ಲ. ಎಪ್ಪತ್ತೊಂದು ವರ್ಷದ ಬತೂಲ್, ಮೆಕ್ಕಾ ಯಾತ್ರೆ ಮಾಡಿ ಬಂದದ್ದರಿಂದ ಊರಿಗೆಲ್ಲ ಹಾಜ್ಜಾ ಬತೂಲ್, ಅಂಗಡಿಯ ಹಿಂದಿನ ಉಗ್ರಾಣದಲ್ಲಿ ಹುಣಸೆ ಚೀಲಗಳ ಮೇಲೆ ಹಾಸಿಗೆ ಹಾಕಿಕೊಂಡರು. ಅದರ ಗೋಡೆ ದಪ್ಪವಿದೆಯಂತೆ.

ಅಲ್ಲಿ ಫೋನಿಗೆ ಸಿಗ್ನಲ್ ಇಲ್ಲ, ಕರೆಂಟ್ ಇಲ್ಲ. ನಾಲ್ಕೈದು ದಿನಕ್ಕೊಮ್ಮೆ ಯಾವುದೋ ಅಂಗಡಿಯಲ್ಲಿ ಇಂಟರ್‌ನೆಟ್ ಸಿಕ್ಕಾಗ ಒಂದು ವಾಯ್ಸ್ ಮೆಸೇಜ್ ಬರುತ್ತಿತ್ತು. ಆಮ್ನಾ ಮಂಡಿಯಲ್ಲಿದ್ದಾಗ ಫೋನನ್ನು ತಕ್ಕಡಿಯ ಪಕ್ಕ ಇಡುತ್ತಿದ್ದಳು. ಟಿಂಗ್ ಅಂದರೆ ಹಮಾಲಿಗಳೂ ಮೂಟೆ ಇಳಿಸಿ ಸುಮ್ಮನಾಗುತ್ತಿದ್ದರು. ಮೆಸೇಜು ಹನ್ನೊಂದು ಸೆಕೆಂಡು. ಚೆನ್ನಾಗಿದ್ದೇನೆ, ನೀರು ಇದೆ, ಮಕ್ಕಳು ಓದುತ್ತಿದ್ದಾರಾ, ದೇವರಿದ್ದಾನೆ. ಯಾವಾಗಲೂ ಅಷ್ಟೇ.

"ಬಾ ಅಂತ ಅಳ್ತೀನಿ, ಬೈತೀನಿ," ಅಂದಳು ಆಮ್ನಾ. "ಹೆದರಿಕೊಂಡು ಅಂಗಡಿ ಮುಚ್ಚಿದೋಳು ಅನ್ನಿಸ್ಕೊಳ್ಳಲ್ಲ ಅಂತಾಳೆ."

ಕಲ್ಲಮ್ಮನವರಿಗೆ ಈ ಯುದ್ಧದ ಮೇಲೆಯೇ ಅನುಮಾನ. "ಯುದ್ಧ ಯುದ್ಧ ಅಂತೀಯ, ಟೀವೀಲಿ ಒಂದಿನಾನೂ ತೋರ್ಸಲ್ವಲ್ಲಮ್ಮ," ಎಂದು ಕೇಳಿದರು. ಆಮ್ನಾ ಎದ್ದು ಮಹಡಿ ಹತ್ತಿದಳು. ಅವತ್ತಿನಿಂದ ಕಲ್ಲಮ್ಮನವರು ಧಾರಾವಾಹಿ ಬಿಟ್ಟು ಏಳೂವರೆಯ ನ್ಯೂಸ್ ಹಾಕಿ, ಸುಡಾನ್ ಬರಲಿಲ್ಲವೆಂದು ಬೈದು, ಆರಿಸತೊಡಗಿದರು.

ಹೀಗೆ ಒಂದೂವರೆ ವರ್ಷ ಹೋಯಿತು. ಆ ಡಿಸೆಂಬರ್‌ನಲ್ಲಿ ಬಂದ ಮೆಸೇಜು ಏಳೇ ಸೆಕೆಂಡು ಇತ್ತು. ಪಕ್ಕದ ಬೀದಿಯ ಬೇಕರಿಯ ಮೇಲೆ ಶೆಲ್ ಬಿದ್ದಿದೆ ಎಂದು ಇದ್ರಿಸನಿಗೆ ಬೇರೆಯವರಿಂದ ಗೊತ್ತಾಗಿತ್ತು. ಅಮ್ಮ ಅದನ್ನು ಹೇಳಿರಲಿಲ್ಲ. ಆಮ್ನಾ ಮಂಡಿಯ ಮೆಟ್ಟಿಲ ಮೇಲೆ ಕುಳಿತಳು. "ಅಣ್ಣ, ಮುಂದಿನ ಸಲ ಶೆಲ್ಲು ಬೀದಿ ದಾಟಿದ್ರೆ ಮುಗೀತು ಅಷ್ಟೇ. ಏನು ಹೇಳಿದ್ರೆ ಎದ್ದು ಬರ್ತಾಳೆ?"

ನನಗೆ ಅರಬ್ಬಿ ಗೊತ್ತಿಲ್ಲ, ಯುದ್ಧವೂ ಗೊತ್ತಿಲ್ಲ. ಹುಣಸೆಹಣ್ಣಿನವರು ಯಾವಾಗ ಅಂಗಡಿ ಬಿಟ್ಟು ಏಳುತ್ತಾರೆ ಎಂಬುದು ಗೊತ್ತು. ನಮ್ಮಲ್ಲಿ ಕಾಯಿ ಮರದಲ್ಲಿರುವಾಗಲೇ ಆ ವರ್ಷದ ಫಸಲನ್ನು ಗುತ್ತಿಗೆ ಹಿಡಿಯುತ್ತೇವೆ. ಉದುರಿಸಿದ ಮೇಲೆ ತೂಗಿ ಕೊಳ್ಳುವುದು ಎಲ್ಲರೂ ಮಾಡುತ್ತಾರೆ. ಮರದ ಕೆಳಗೆ ನಿಂತು, ಇದರಲ್ಲಿ ಎಷ್ಟು ಕ್ವಿಂಟಾಲ್ ಇದೆ ಅಂತ ಕಣ್ಣಳತೆಯಲ್ಲಿ ಹೇಳುವುದೇ ವ್ಯಾಪಾರ. ಅದಕ್ಕೆ ಮರದ ಬಳಿ ಹೋಗಲೇಬೇಕು. ಮರ ನಮ್ಮ ಹತ್ತಿರ ಬರುವುದಿಲ್ಲ.

"ನಿಮ್ಮಮ್ಮನಿಗೆ ಬಾ ಅನ್ನಬೇಡ," ಅಂದೆ. "ಹುಲಿಯೂರುದುರ್ಗದಲ್ಲಿ ಒಂದು ಗುತ್ತಿಗೆ ಇದೆ, ಮಂಡಿಯವನಿಗೆ ಅಂದಾಜು ಸಿಗ್ತಿಲ್ಲ, ನೀನು ಹೇಳು ಅನ್ನು."

ಹುಲಿಯೂರುದುರ್ಗದ ಅಂಜನಮೂರ್ತಿಯ ಹೊಲದ ಬದುವಿನಲ್ಲಿ ನಿಜವಾಗಿಯೂ ಒಂದು ದೊಡ್ಡ ಹುಣಸೆಮರವಿತ್ತು. ಆರು ಕ್ವಿಂಟಾಲ್ ಬಿಡುತ್ತದೆ ಎಂದು ಅವನು, ಐದರ ಮೇಲೆ ಹೋಗಲ್ಲ ಎಂದು ನಾನು. ಮರುದಿನ ಹೋಗಿ ಫೋನಿನಲ್ಲಿ ವಿಡಿಯೊ ತೆಗೆದೆ. ಅಲ್ಲಿ ನನಗೊಂದು ಯೋಚನೆ ಬಂತು. ಐದು ಸಾವಿರ ಕಿಲೋಮೀಟರ್ ದೂರದ ವ್ಯಾಪಾರಸ್ಥೆಯ ಮುಂದೆ ಒಂದೇ ಒಂದು ಮರ ಹಿಡಿದುಕೊಂಡು ನಿಲ್ಲುವುದು ಮರ್ಯಾದೆಯೇ? ಹಾಗಾಗಿ ಆ ಕಡೆ ಹೋಗಿ ಅದೇ ಮರವನ್ನು ಇನ್ನೊಂದು ಬದಿಯಿಂದ ತೆಗೆದೆ. ಜೋಡಿ ಮರ ಎಂದು ಎರಡನ್ನೂ ಆಮ್ನಾಳ ಮೂಲಕ ಕಳಿಸಿದೆ. ಒಂದೇ ಮರ ಅಂತ ಅವಳಿಗೂ ಹೇಳಲಿಲ್ಲ.

ಐದನೆಯ ದಿನ ಟಿಂಗ್ ಅಂದಿತು. ಆಮ್ನಾ ಫೋನು ನೋಡಿ ನನ್ನ ಮುಖ ನೋಡಿದಳು. "ನಾಲ್ಕು ನಿಮಿಷ ಇದೆ ಅಣ್ಣ."

ಹಾಕಿದಳು. ಅಂಥ ದನಿಯನ್ನು ನಾನು ಹರಾಜಿನ ಕಟ್ಟೆಯಲ್ಲಿ ಬಿಟ್ಟರೆ ಬೇರೆಲ್ಲೂ ಕೇಳಿಲ್ಲ. ಹಿಂದೆ ಎಲ್ಲೋ ದೂರದಲ್ಲಿ ಧಡ್ ಧಡ್ ಸದ್ದು, ಅದರ ಮೇಲೆ ಆಕೆ ಇನ್ನಷ್ಟು ದನಿ ಎತ್ತಿ ಮಾತಾಡುತ್ತಿದ್ದರು. ಆಮ್ನಾ ಕೇಳುತ್ತ ಕೇಳುತ್ತ ಬಾಯಿಗೆ ಬಟ್ಟೆ ಅಡ್ಡ ಹಿಡಿದಳು. ಅಳುತ್ತಿದ್ದಾಳೆ ಅಂದುಕೊಂಡೆ. ನಗುತ್ತಿದ್ದಳು.

"ಏನಂತಾರೆ?"

"ಬೇಡ ಅಣ್ಣ."

"ಪರವಾಗಿಲ್ಲ ಹೇಳಮ್ಮ."

"ಎರಡು ಮರಕ್ಕೂ ಒಂದೇ ಜೇನುಗೂಡು ನೇತಾಡ್ತಿದೆ, ಒಂದ್ರಲ್ಲಿ ಎಡಕ್ಕೆ, ಇನ್ನೊಂದ್ರಲ್ಲಿ ಬಲಕ್ಕೆ. ಆ ಮನುಷ್ಯನ ಊರಲ್ಲಿ ಜೇನುಹುಳ ಜೋಡಿ ಮನೆ ಕಟ್ತವಾ ಕೇಳು ಅಂತಾಳೆ. ಒಂದು ಕಣ್ಣಿಗೆ ಪೊರೆ ಬಂದು ಮಬ್ಬಾಗಿದೆ ಅಣ್ಣ ಅವಳಿಗೆ. ಇನ್ನೊಂದ್ರಲ್ಲೇ ಹಿಡಿದಿದಾಳೆ."

ಯಲ್ಲಯ್ಯ ಈ ಸಲ ಮೂಟೆ ಕೆಳಗಿಟ್ಟೇ ನಕ್ಕ. "ಎರಡು ಕಣ್ಣೂ ಸರಿ ಇದ್ದಿದ್ರೆ ಧಣಿ, ನಿಮ್ ಮಂಡಿ ಲೈಸೆನ್ಸೇ ಹೋಗ್ತಿತ್ತು ಬುಡಿ."

ಆಕೆಯನ್ನು ರೇಗಿಸಲೆಂದೇ ಹಾಗೆ ಮಾಡಿದೆ ಎಂದು ಹೇಳಿಕೊಳ್ಳಬಹುದಿತ್ತು. ಹಲವರಿಗೆ ಹಾಗೆ ಹೇಳಿಯೂ ಇದ್ದೇನೆ. ನಿಜ ಏನೆಂದರೆ ಜೇನುಗೂಡನ್ನು ನಾನು ನೋಡಿರಲೇ ಇಲ್ಲ. ಆದರೆ ನಾಲ್ಕು ನಿಮಿಷ ಬೈಯುವಷ್ಟು ಉಸಿರು ಆಕೆಗೆ ಇದೆ ಎನ್ನುವುದು ಅವತ್ತು ಗೊತ್ತಾಯಿತು. ಕೂಡಲೇ ಆಮ್ನಾಳ ಕೈಲಿ ಉತ್ತರ ಹೇಳಿಸಿದೆ: ಮೋಸ ಹಿಡಿದಿರಿ, ಸರಿ. ಒಂದೇ ಮರ. ಅದರಲ್ಲಿ ಎಷ್ಟಿದೆ ಹೇಳಿ ನೋಡೋಣ. ಫೋನಿನಲ್ಲಿ ಹೇಳಲಾಗದಿದ್ದರೆ ಬಂದು ನೋಡಿ. ಶಿವರಾತ್ರಿ ಕಳೆದರೆ ಉದುರಿಸಿಬಿಡುತ್ತಾರೆ.

ಮುಂದಿನ ಮೆಸೇಜು ಒಂದೇ ವಾಕ್ಯ. ಶಿವರಾತ್ರಿ ಎಂದರೆ ಯಾವ ತಾರೀಕು?

ಆಮೇಲಿನದು ಕಾಗದಪತ್ರದ ಕೆಲಸ. ಇದ್ರಿಸ್ ಬೆಂಗಳೂರಿನ ಒಂದು ಕಣ್ಣಾಸ್ಪತ್ರೆಯಿಂದ ಪತ್ರ ತಂದ. ಪೊರೆ ತೆಗೆಸಲು ವೀಸಾ ಕೊಡುತ್ತಾರೆ, ಹುಣಸೆಮರ ನೋಡಲು ಕೊಡುವುದಿಲ್ಲ. ಜನವರಿ ಕೊನೆಗೆ ಹಾಜ್ಜಾ ಬತೂಲ್ ಅಂಗಡಿಗೆ ಬೀಗ ಹಾಕಿ ಬೀಗದ ಕೈಯನ್ನು ಪಕ್ಕದ ಮನೆಯವರಿಗೆ ಕೊಟ್ಟು ಬಸ್ ಹತ್ತಿದರು. ಹೆದರಿ ಹೋಗುತ್ತಿಲ್ಲ, ಸರಕು ನೋಡಲು ಹೋಗುತ್ತಿದ್ದೇನೆ ಎಂದು ಬೀದಿಗೆಲ್ಲ ಹೇಳಿ ಹೊರಟರಂತೆ. ಸಮುದ್ರದ ದಡದ ಪೋರ್ಟ್ ಸುಡಾನ್ ತಲುಪಿದರೆ ಅಲ್ಲಿಂದ ವಿಮಾನ. ಎರಡು ದಿನದ ದಾರಿ, ಹೆಚ್ಚೆಂದರೆ ಮೂರು.

ಒಂಬತ್ತು ದಿನ ಏನೂ ಸುದ್ದಿ ಬರಲಿಲ್ಲ.

ಐದನೆಯ ದಿನದ ಹೊತ್ತಿಗೆ ಆಮ್ನಾ ಮಂಡಿಗೆ ಬರುವುದನ್ನು ಬಿಟ್ಟಳು. ಆರನೆಯ ದಿನ ನಾನೇ ಮರಳೂರಿಗೆ ಹೋದೆ. ಮಹಡಿ ಹತ್ತುವ ಮುಂಚೆಯೇ ಕಲ್ಲಮ್ಮನವರು ಮೆಟ್ಟಿಲಿಗೆ ಅಡ್ಡ ನಿಂತರು. ಅವರು ನಮ್ಮ ಗುಬ್ಬಿಯ ಕಡೆಯವರೇ, ನನ್ನ ತಾಯಿಯನ್ನು ಕಂಡವರು, ಆದ್ದರಿಂದ ಬೈಯಲು ಅವರಿಗೆ ಹಕ್ಕಿತ್ತು.

"ಏನೋ ಶಿವಮೂರ್ತಿ, ದಪ್ಪ ಗೋಡೆ ಒಳಗೆ ಮಲಗಿದ್ದ ಮುದುಕೀನ ಮರ ತೋರಿಸ್ತೀನಿ ಅಂತ ಬೀದಿಗೆ ಕರ್ಕೊಂಡು ಬಂದ್ಯಲ್ಲೋ. ನಿನ್ನ ವ್ಯಾಪಾರದ ಬಾಯಿ ಎಲ್ಲಾದ್ರೂ ಸುಮ್ನಿರುತ್ತಾ?"

ಅವರನ್ನು ಬಳಸಿಕೊಂಡು ಮೆಟ್ಟಿಲು ಹತ್ತಿದೆ. ಮೇಲೆ ಆಮ್ನಾ ಬಾಗಿಲು ತೆರೆದಳು. ಶುಂಠಿ ಹಾಕಿದ ಕಾಫಿ ಕೊಟ್ಟಳು. ಅದು ಬೈಗುಳಕ್ಕಿಂತ ಖಾರವಾಗಿತ್ತು. ಇದ್ರಿಸ್ ಕಿಟಕಿಯ ಬಳಿ ನಿಂತು ಒಂದೊಂದೇ ನಂಬರ್ ಒತ್ತುತ್ತಿದ್ದ. ಯಾವುದೂ ಹೋಗುತ್ತಿರಲಿಲ್ಲ.

ಅದೇ ವಾರ ಅಂಜನಮೂರ್ತಿಯೂ ಫೋನು ಮಾಡಿದ. "ಶಿವಮೂರ್ತಣ್ಣ, ಪರದೇಶದೋರು ಬಂದು ನೋಡ್ತಾರೆ ಅಂದು ಅಂದು ತಿಂಗಳು ಮಾಡ್ದೆ. ಮದ್ದೂರ್ ಕಡೆ ಪಾರ್ಟಿ ಆರು ಕ್ವಿಂಟಾಲ್ ಲೆಕ್ಕಕ್ಕೇ ಹಿಡೀತೀನಿ ಅಂತ ಕುಂತವ್ನೆ. ಕೊಟ್ಬುಡ್ಲಾ?"

"ಶಿವರಾತ್ರಿವರೆಗೆ ಅಂದಿದೀನಿ ಅಂಜನಮೂರ್ತಿ."

"ಯಾರಿಗೆ ಅಂದಿದೀಯ?"

"ಆಯಮ್ಮನಿಗೆ."

"ಆಯಮ್ಮ ಎಲ್ಲವ್ರೆ ಈಗ?"

"ದಾರೀಲವ್ರೆ," ಅಂದೆ. ಆ ಮಾತು ಹೇಳಿದ ಮೇಲೆ ನನಗೂ ಸ್ವಲ್ಪ ಧೈರ್ಯ ಬಂತು. ಕೊನೆಗೆ ಆರು ಕ್ವಿಂಟಾಲ್ ಲೆಕ್ಕಕ್ಕೇ ನಾನೇ ಹಿಡಿಯುತ್ತೇನೆ, ಆದರೆ ಮರ ಮುಟ್ಟಬೇಡ ಎಂದು ಒಪ್ಪಿಸಿದೆ. ನಷ್ಟವೆಂದು ಗೊತ್ತಿದ್ದೂ ನಾನು ಹಿಡಿದ ಗುತ್ತಿಗೆ ಅದೊಂದೇ. ಮರ ಉಳಿದರೆ ಆಕೆಯೂ ಬರುತ್ತಾರೆ ಎಂಬ ಲೆಕ್ಕ ಎಲ್ಲಿಂದ ಬಂತೋ ತಿಳಿಯದು.

ಹತ್ತನೆಯ ದಿನ ಬೆಳಗ್ಗೆ ಆಮ್ನಾ ಆಟೋದಿಂದ ಇಳಿದು ಓಡಿ ಬಂದಳು. ಓಡುವಾಗಲೇ ಫೋನು ಮುಂದೆ ಹಿಡಿದಿದ್ದಳು. ಆರು ನಿಮಿಷದ ಮೆಸೇಜು. ಬಸ್ ಕೆಟ್ಟಿತ್ತು, ತಪಾಸಣೆಯ ಹೆಸರಲ್ಲಿ ಮೂರು ಕಡೆ ಇಳಿಸಿದರು, ನಾಲ್ಕು ರಾತ್ರಿ ಒಂದು ಶಾಲೆಯಲ್ಲಿ ಕಳೆದದ್ದಾಯಿತು. ಇದೆಲ್ಲ ಸೇರಿ ಒಂದು ನಿಮಿಷ. ಉಳಿದ ಐದು ನಿಮಿಷ ಪೋರ್ಟ್ ಸುಡಾನ್ ಮಾರುಕಟ್ಟೆಯಲ್ಲಿ ಹುಣಸೆಹಣ್ಣು ಮಾರುವವರಿಗೆ ನಾಚಿಕೆಯೇ ಇಲ್ಲ ಎಂಬ ವಿಷಯ.

ಆಮ್ನಾ ಅದನ್ನು ಪೂರ್ತಿ ಎರಡು ಸಲ ಹಾಕಿ ಕೇಳಿಸಿದಳು. ಎರಡನೇ ಸಲ ನನಗೆ ಅರಬ್ಬಿ ಅರ್ಥವಾಗುತ್ತಿದೆ ಎಂದೇ ಅನ್ನಿಸಿತು.

ಶಿವರಾತ್ರಿಗೆ ಇನ್ನೂ ಒಂಬತ್ತು ದಿನವಿರುವಾಗ ಹಾಜ್ಜಾ ಬತೂಲ್ ಬಂದಿಳಿದರು. ಎತ್ತರದ ಹೆಂಗಸು, ಬಿಳಿ ಬಟ್ಟೆ, ಕೈಯಲ್ಲಿ ಒಂದೇ ಚೀಲ. ಕಣ್ಣಾಸ್ಪತ್ರೆಗೆ ಮರುದಿನವೇ ಹೋಗಬೇಕಿತ್ತು. ಆಕೆ ಒಪ್ಪಲಿಲ್ಲ. ಮೊದಲು ಮರ, ಆಮೇಲೆ ಕಣ್ಣು. ಕಲ್ಲಮ್ಮನವರು ಬಂದವರಿಗೆ ಅಂತ ರಾಗಿಮುದ್ದೆ ಮಾಡಿಸಿದ್ದರು. ಆಕೆ ಅದನ್ನು ಬೆರಳಲ್ಲಿ ಮುರಿದು, ಸಾರಿಗೆ ಅದ್ದಿ, ಅಗಿಯದೆ ನುಂಗಿದರು. ಅವರ ಊರಿನಲ್ಲೂ ಜೋಳದ ಮುದ್ದೆ ಹೀಗೇ ನುಂಗುತ್ತಾರಂತೆ. ಬೆಂಗಳೂರಿನ ತನ್ನ ಸೊಸೆಗೇ ಬಾರದ ವಿದ್ಯೆ ಇದು ಎಂದು ಕಲ್ಲಮ್ಮನವರು ಅವತ್ತಿನಿಂದ ಸುಡಾನ್ ಪಕ್ಷ.

ಮರುದಿನ ನನ್ನ ಕಾರಿನಲ್ಲಿ ತಾಯಿ, ಮಗಳು, ನಾನು ಹೊರಟೆವು. ಕುಣಿಗಲ್‌ನಲ್ಲಿ ಟೀಗೆ ನಿಲ್ಲಿಸಿದಾಗ ಆಮ್ನಾಳ ಫೋನು ಟಿಂಗ್ ಅಂದಿತು. ಬೀಗದ ಕೈ ಇಟ್ಟುಕೊಂಡಿದ್ದ ಪಕ್ಕದ ಮನೆಯವರ ಮೆಸೇಜು. ಅವಳು ಓದಿ, ಫೋನು ಬೋರಲು ಹಾಕಿ, ನನ್ನ ಕಡೆ ತಿರುಗಿ ಮೆಲ್ಲಗೆ ಕನ್ನಡದಲ್ಲಿ ಹೇಳಿದಳು. "ಉಗ್ರಾಣದ ಮೇಲೆ ಶೆಲ್ಲು ಬಿದ್ದಿದೆ ಅಣ್ಣ. ಮೊನ್ನೆ. ಚಾವಣಿ ಪೂರ್ತಿ ಒಳಕ್ಕೆ ಕುಸಿದಿದೆ. ಅವಳು ಮಲಗ್ತಿದ್ದ ಜಾಗ."

ತಾಯಿ ಟೀ ಲೋಟ ಹಿಡಿದು ಮಗಳ ಮುಖವನ್ನು ಒಂದು ಕಣ್ಣಲ್ಲಿ ನೋಡುತ್ತಿದ್ದರು. ಏನೋ ಕೇಳಿದರು. ಆಮ್ನಾ ಹೇಳಿದಳು. ಆಕೆ ಲೋಟ ಕೆಳಗಿಟ್ಟರು. ಬಸ್ಸುಗಳು ಬಂದವು, ಹೋದವು. ನಾನು ಟೀಯವನಿಗೆ ದುಡ್ಡು ಕೊಡಲು ಎದ್ದು ಹೋದವನು ಬೇಕಂತಲೇ ತಡಮಾಡಿದೆ. ವಾಪಸು ಬಂದಾಗ ಆಕೆ ಕಾರಿನಲ್ಲಿ ಕುಳಿತು, ಬಾಗಿಲು ಹಾಕಿಕೊಂಡು, ಹಾರನ್ ಒತ್ತುವಂತೆ ಮಗಳಿಗೆ ಹೇಳುತ್ತಿದ್ದರು.

ಅಂಜನಮೂರ್ತಿ ಬದುವಿನ ಮೇಲೆ ಶುಭ್ರ ಪಂಚೆ ಉಟ್ಟು ನಿಂತಿದ್ದ. ಮರ ನೋಡಲು ಪರದೇಶದವರು ಬರುತ್ತಾರೆಂದು ಪಕ್ಕದ ಹೊಲದವರೂ ಬಂದಿದ್ದರು. ಹಾಜ್ಜಾ ಬತೂಲ್ ಮರವನ್ನು ನೋಡಲೇ ಇಲ್ಲ. ಅಂಜನಮೂರ್ತಿಯ ಕೈಯಿಂದ ಕಾಯಿ ಉದುರಿಸುವ ದೋಟಿ ತೆಗೆದುಕೊಂಡು ಒಂದು ಕೊಂಬೆಗೆ ಬಡಿದು ಕಿವಿಗೊಟ್ಟರು. ಹಣ್ಣಾದ ಹುಣಸೆ ಓಡಿನೊಳಗೆ ಸಡಿಲವಾಗಿ ಗಲಗಲ ಅನ್ನುತ್ತದೆ, ಕಾಯಿ ಮಾತಾಡುವುದಿಲ್ಲ. ಆಕೆ ನಾಲ್ಕು ಕೊಂಬೆಗೆ ಬಡಿದರು, ನಾಲ್ಕು ಸಲ ಕೇಳಿದರು, ಎಡಗೈಯ ನಾಲ್ಕು ಬೆರಳು ಎತ್ತಿದರು.

"ನಾಲ್ಕಾ?" ಅಂಜನಮೂರ್ತಿಗೆ ಸಿಟ್ಟು ಬಂತು. "ಇದೇನ್ ಮರಾನೋ ತಮಟೇನೋ? ನೋಡ್ದೆ ಬಡಿದ್ರೆ ಗೊತ್ತಾಯ್ತದಾ?"

ಆಮ್ನಾ ಹೇಳಿದ್ದನ್ನು ಕೇಳಿ ಆಕೆ ಏನೋ ಅಂದರು. "ನೋಡೋ ಕೆಲಸ ಮಂಡಿಯವನು ಫೋನಲ್ಲೇ ಮಾಡಿದಾನಂತೆ, ಕೇಳೋಕೆ ಮಾತ್ರ ನಾನು ಬಂದೆ, ಅಂತಾಳೆ."

(ಆಮೇಲೆ ಉದುರಿಸಿ ತೂಗಿದಾಗ ನಾಲ್ಕು ಕ್ವಿಂಟಾಲಿನ ಮೇಲೆ ಹನ್ನೊಂದು ಕೆಜಿ ಬಂತು. ಆ ಹನ್ನೊಂದು ಕೆಜಿ ನನ್ನ ಕಡೆಯ ಸಾಕ್ಷಿ ಎಂದು ನಾನು ಇವತ್ತಿಗೂ ವಾದಿಸುತ್ತೇನೆ. ಯಲ್ಲಯ್ಯ ಒಪ್ಪುವುದಿಲ್ಲ.)

ಕೆಲಸ ಮುಗಿಯಿತು ಅಂದುಕೊಂಡು ನಾನು ಕಾರಿನ ಕಡೆ ತಿರುಗಿದೆ. ಹಿಂದಿನಿಂದ ಆಕೆ ಕರೆದರು. ನನ್ನನ್ನು ಸೀದಾ ನೋಡಿ, ದೋಟಿಯನ್ನು ನೆಲಕ್ಕೆ ಊರಿ, ಒಂದೇ ಪ್ರಶ್ನೆ ಕೇಳಿದರು.

ಆಮ್ನಾ ಆಕಾಶ ನೋಡಿದಳು. "ಎರಡನೇ ಮರ ಎಲ್ಲಿ ಅಂತಾಳೆ ಅಣ್ಣ. ಅದನ್ನೂ ನೋಡಬೇಕಂತೆ."

ಅಷ್ಟೂ ಜನರ ಮುಂದೆ ನಾನೇನು ಮಾಡಲಿ? "ಬನ್ನಿ," ಅಂದೆ. ಆಕೆಯ ಮುಂದೆ ನಡೆದು, ಬದುವಿನ ಮೇಲೆ ಅರ್ಧ ಸುತ್ತು ಬಂದು, ಅದೇ ಮರದ ಆಚೆ ಬದಿಯಲ್ಲಿ ನಿಂತು, ಕೈ ತೋರಿಸಿದೆ. "ಇದೇ."

ಆಕೆ ಬುಡ ನೋಡಿದರು, ಕೊಂಬೆ ನೋಡಿದರು, ಬಲಕ್ಕೆ ಹೋಗಿದ್ದ ಜೇನುಗೂಡನ್ನು ಬಹಳ ಹೊತ್ತು ನೋಡಿದರು. ಆಮೇಲೆ ದೋಟಿಯನ್ನು ಕಾಂಡಕ್ಕೆ ಒರಗಿಸಿ, ಬಟ್ಟೆಯ ಸೆರಗನ್ನು ಸರಿಮಾಡಿಕೊಂಡು, ಬೇರಿನ ಮೇಲೆ ಕಾಲು ಚಾಚಿ ಕುಳಿತರು. ಕಣ್ಣು ಮುಚ್ಚಿದರು. ಮಗಳು ಪಕ್ಕದಲ್ಲಿ ಕುಳಿತಾಗ ಅವಳ ತಲೆಯನ್ನು ತಮ್ಮ ಹೆಗಲಿಗೆ ಎಳೆದುಕೊಂಡು ಏನೋ ಹೇಳಿದರು. ಸ್ವಲ್ಪ ಹೊತ್ತಿಗೆ ಆಮ್ನಾ, ತಲೆ ಎತ್ತದೆಯೇ, ನನಗದನ್ನು ಕನ್ನಡ ಮಾಡಿದಳು.

"ಎರಡನೇದರ ನೆರಳು ಚೆನ್ನಾಗಿದೆಯಂತೆ ಅಣ್ಣ. ಇದನ್ನ ಬಿಡಬೇಡ ಅಂತಾಳೆ."